ಮೀನುಪುಡಿ ಬದಲು ಸೋಯಾ ಹಿಂಡಿ: ಪ್ರೋಟೀನ್ ಸರಿ ಇದ್ದರೂ ಮೀನು ಬೆಳೆಯುತ್ತಿಲ್ಲ, ಯಾಕೆ?

ಪ್ರಶ್ನೆ: ತಿಲಾಪಿಯಾ ಮೇವಿನಲ್ಲಿ 100 ಕೆ.ಜಿ.ಗೆ 15 ಕೆ.ಜಿ. ಮೀನುಪುಡಿ ಇತ್ತು. ಅಷ್ಟನ್ನೂ ತೆಗೆದು ಸೋಯಾ ಹಿಂಡಿ ಹಾಕಿದ್ದೇವೆ. ಪ್ರೋಟೀನ್ ಮೊದಲಿನಂತೆ ಶೇ 30 ಇದೆ. ಆದರೂ ಮೀನು ಮೇವಿಗೆ ಮುಗಿಬೀಳುತ್ತಿಲ್ಲ, ತೂಕವೂ ಏರುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಪ್ರೋಟೀನ್ ಲೆಕ್ಕ ಸರಿಯಾಗಿಯೇ ಇದೆ, ಆ ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳ (ಮೆಥಿಯೋನಿನ್, ಲೈಸಿನ್ ಇತ್ಯಾದಿ) ಲೆಕ್ಕ ಬಿಟ್ಟುಹೋಗಿದೆ. ಒಂದೇ ಸಲಕ್ಕೆ ಪೂರ್ತಿ ತೆಗೆದದ್ದೂ ಅವಸರವಾಯಿತು. ಸದ್ಯ 5 ಕೆ.ಜಿ. ಮೀನುಪುಡಿ ಉಳಿಸಿಕೊಳ್ಳಿ. ಮೀನು ಮೇವಿನ ಹತ್ತಿರ ಬರುವುದು ಆ ವಾಸನೆ, ರುಚಿಗೆ.

ಉಳಿದ 10 ಕೆ.ಜಿ.ಯ ಲೆಕ್ಕ ನೋಡಿ. ಶೇ 60 ಪ್ರೋಟೀನಿನ ಮೀನುಪುಡಿಯಾದರೆ ಹೋಗುವುದು 6 ಕೆ.ಜಿ. ಪ್ರೋಟೀನ್. ಅದನ್ನು ತುಂಬಲು ಶೇ 46ರ ಸೋಯಾ ಹಿಂಡಿ 13 ಕೆ.ಜಿ. ಬೇಕು. ಆದರೆ ಮೀನುಪುಡಿಯ ಜೊತೆ ಸುಮಾರು 170 ಗ್ರಾಂ ಮೆಥಿಯೋನಿನ್ ಹೋಯಿತು, ಸೋಯಾದಿಂದ ಬಂದದ್ದು 80 ಗ್ರಾಂ. ಲೈಸಿನ್ 450 ಗ್ರಾಂ ಹೋಗಿ 375 ಗ್ರಾಂ ಬಂತು. ಹಾಗಾಗಿ ಡಿಎಲ್-ಮೆಥಿಯೋನಿನ್ 90 ಗ್ರಾಂ, ಲೈಸಿನ್ ಹೈಡ್ರೋಕ್ಲೋರೈಡ್ 95 ಗ್ರಾಂ ಸೇರಿಸಬೇಕು (ಈ ಉಪ್ಪಿನಲ್ಲಿ ಲೈಸಿನ್ ಇರುವುದು ಶೇ 78 ಮಾತ್ರ). ಇಷ್ಟು ಚಿಕ್ಕ ಪ್ರಮಾಣವನ್ನು ನೇರವಾಗಿ ಸುರಿದರೆ ಒಂದು ಕಡೆ ಗುಡ್ಡೆಯಾಗಿ ಕೂರುತ್ತದೆ. ಮೊದಲು 1 ಕೆ.ಜಿ. ಹಿಟ್ಟಿನಲ್ಲಿ, ಆಮೇಲೆ 10 ಕೆ.ಜಿ.ಯಲ್ಲಿ ಬೆರೆಸಿ, ಕೊನೆಗೆ ಪೂರ್ತಿ ರಾಶಿಗೆ ಸೇರಿಸಿ.

ಕೊಬ್ಬು ಕೂಡ ಸುಮಾರು 650 ಗ್ರಾಂ ಕಡಿಮೆಯಾಗುತ್ತದೆ. ಅಷ್ಟು ಎಣ್ಣೆ ಸೇರಿಸಿ, ಅದರಲ್ಲಿ ಸ್ವಲ್ಪವಾದರೂ ಮೀನೆಣ್ಣೆ ಇರಲಿ. ಹೆಚ್ಚಾದ ತೂಕಕ್ಕೆ ಜಾಗ ಬೇಕಲ್ಲ, ತೌಡನ್ನೋ ಧಾನ್ಯದ ಹಿಟ್ಟನ್ನೋ ಅಷ್ಟು ಇಳಿಸಿ.

ಬಿಡಿಯಾಗಿ ಬೆರೆಸಿದ ಅಮೈನೊ ಆಮ್ಲ ಹಿಂಡಿಯೊಳಗಿನದಕ್ಕಿಂತ ಬೇಗ ರಕ್ತ ಸೇರುತ್ತದೆ, ನೀರಿಗೂ ಬೇಗ ಕರಗಿ ಹೋಗುತ್ತದೆ. ಪುಡಿಯಾಗುವ ಗುಳಿಗೆಯಾದರೆ ಹಾಕಿದ್ದೆಲ್ಲ ಕೊಳದ ಪಾಲು. ಗುಳಿಗೆ ಗಟ್ಟಿಯಿರಲಿ, ದಿನದ ಮೇವನ್ನು ಮೂರು-ನಾಲ್ಕು ಹೊತ್ತಿಗೆ ಹಂಚಿ.

ಪ್ರಶ್ನೆ: ರಂಜಕಕ್ಕೆ (ಫಾಸ್ಫರಸ್) ಏನು ಮಾಡಬೇಕು? ಫೈಟೇಸ್ ಕಿಣ್ವ ಸಾಕಾ?

ಉತ್ತರ: ಸಸ್ಯದ ರಂಜಕದಲ್ಲಿ ಸುಮಾರು ಮೂರನೇ ಎರಡು ಪಾಲು ಫೈಟೇಟ್ ರೂಪದಲ್ಲಿ ಬಂಧಿಯಾಗಿರುತ್ತದೆ, ಮೀನಿಗೆ ದಕ್ಕುವುದಿಲ್ಲ. ಕೊರತೆಯಾದರೆ ಮೂಳೆ ಮೆತ್ತಗಾಗುತ್ತದೆ, ಬೆನ್ನುಮೂಳೆ ಸೊಟ್ಟಗಾಗುತ್ತದೆ. ಮೇಲಿನ ಬದಲಾವಣೆಗೆ 100 ಕೆ.ಜಿ.ಗೆ ಸುಮಾರು 1 ಕೆ.ಜಿ. ಮಾನೋಕ್ಯಾಲ್ಸಿಯಂ ಫಾಸ್ಫೇಟ್ ಸರಿಹೋಗುತ್ತದೆ. ಫೈಟೇಟ್ ಒಡೆದು ರಂಜಕ ಬಿಡಿಸುವುದು ಫೈಟೇಸ್. ತಿಲಾಪಿಯಾ ಹೊಟ್ಟೆಯಲ್ಲಿ ಆಮ್ಲ ಇರುವುದರಿಂದ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನು ಬಳಸಿದರೆ ಫಾಸ್ಫೇಟ್ ಇಳಿಸಬಹುದು. ಗೆಂಡೆ ಜಾತಿಗೆ ಜಠರವೇ ಇಲ್ಲ, ಅಲ್ಲಿ ಫೈಟೇಸನ್ನು ಅಷ್ಟು ನೆಚ್ಚಬೇಡಿ. ಪ್ರಮಾಣ ಕೆ.ಜಿ. ಮೇವಿಗೆ 500ರಿಂದ 1,000 ಯೂನಿಟ್. ಗುಳಿಗೆ ಒತ್ತುವ ಬಿಸಿಗೆ ಅದು ಸಾಯುತ್ತದೆ. ಹಾಗಾಗಿ ದ್ರವ ರೂಪದ್ದನ್ನು ತಂದು, ಆರಿದ ಗುಳಿಗೆಯ ಮೇಲೆ ಸಿಂಪಡಿಸಿ.

ಪ್ರಶ್ನೆ: ಹಿಂಡಿ ಸರಿಯಾಗಿ ಬೆಂದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ತುಂಬ ಮುಖ್ಯವಾದ ಪ್ರಶ್ನೆ. ಬೇಯದ ಹಿಂಡಿಯಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವದ ತಡೆಕಾರಕ ಉಳಿದಿರುತ್ತದೆ, ತಿಂದ ಪ್ರೋಟೀನ್ ಸರಿಯಾಗಿ ಜೀರ್ಣವಾಗುವುದಿಲ್ಲ. ಯೂರಿಯಾ ಮತ್ತು ಫೀನಾಲ್ ರೆಡ್ ಸೇರಿದ ಹಳದಿ ದ್ರಾವಣವನ್ನು ತಟ್ಟೆಯಲ್ಲಿ ಹರಡಿದ ಹಿಂಡಿಯ ಮೇಲೆ ಸುರಿದು ಐದು ನಿಮಿಷ ಬಿಡಿ. ಅಲ್ಲಲ್ಲಿ ಕೆಂಪು ಚುಕ್ಕೆ ಎದ್ದರೆ ಹದವಾಗಿದೆ. ತಟ್ಟೆಯೆಲ್ಲ ಕೆಂಪಾದರೆ ಹಸಿ. ಚುಕ್ಕೆಯೇ ಇಲ್ಲದೆ ಹಿಂಡಿ ಕಂದು ಬಣ್ಣಕ್ಕಿದ್ದರೆ ಸುಟ್ಟಿದೆ ಎಂದು ಅನುಮಾನಿಸಿ, ಅದರಲ್ಲಿ ಲೈಸಿನ್ ಸಕ್ಕರೆಗೆ ಅಂಟಿಕೊಂಡು ವ್ಯರ್ಥವಾಗಿರುತ್ತದೆ. ಆಗ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಿಂಡಿಯ ಪ್ರೋಟೀನ್ ಎಷ್ಟು ಕರಗುತ್ತದೆ ಎಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಶೇ 70ಕ್ಕಿಂತ ಕೆಳಗಿದ್ದರೆ ಆ ಹಿಂಡಿ ಬೇಡ.

ಪ್ರಶ್ನೆ: ಇದೇ ಲೆಕ್ಕ ಸೀಬಾಸ್‌ಗೆ ನಡೆಯುತ್ತದಾ?

ಉತ್ತರ: ಇಲ್ಲ. ಮಾಂಸಾಹಾರಿ ಮೀನುಗಳಿಗೆ ಪ್ರೋಟೀನೇ ಹೆಚ್ಚು ಬೇಕು, ಅಷ್ಟನ್ನು ಬರೀ ಹಿಂಡಿಯಿಂದ ತುಂಬಿಸಲು ಮೇವಿನಲ್ಲಿ ಜಾಗವೇ ಸಾಲದು. ಸಾಲ್ಮನ್‌ನಲ್ಲಂತೂ ಸೋಯಾದಲ್ಲಿರುವ ಸಪೋನಿನ್ ಎಂಬ ನೊರೆ ಬರಿಸುವ ಅಂಶಕ್ಕೆ ಹಿಂಗರುಳು ಉರಿಯೂತಕ್ಕೆ ಬರುತ್ತದೆ. ಇಂಥ ಮೀನಿಗೆ ಆಲ್ಕೋಹಾಲಿನಲ್ಲಿ ತೊಳೆದ ಸೋಯಾ ಪ್ರೋಟೀನ್ ಸಾಂದ್ರ ಬಳಸಿ, ಸಪೋನಿನ್ ಬಹುಪಾಲು ತೊಳೆದು ಹೋಗಿರುತ್ತದೆ. ಹಿಂಡಿಗಳಲ್ಲಿ ಟಾರಿನ್ (ಮೀನುಪುಡಿಯಲ್ಲಿರುವ ಅಮೈನೊ ಆಮ್ಲದಂಥ ಪೋಷಕಾಂಶ) ಇಲ್ಲವೆಂದೇ ಹೇಳಬಹುದು, ಸಮುದ್ರದ ಮಾಂಸಾಹಾರಿ ಮೀನಿಗೆ ಅದನ್ನು ಬೇರೆಯಾಗಿ ಸೇರಿಸಲೇಬೇಕು. ಹಳೆ ಮೇವಿನ ಜೊತೆ ಬೆರೆಸುತ್ತಾ ಎರಡು ವಾರದಲ್ಲಿ ಹೊಸದಕ್ಕೆ ಬನ್ನಿ. ಮೇವು ಬಿಡುತ್ತಿದೆ ಎಂದು ಕಂಡರೆ ಅಲ್ಲೇ ನಿಲ್ಲಿಸಿ, ಹಿಂದಿನ ಪ್ರಮಾಣಕ್ಕೆ ಮರಳಿ.