ಸಹಾಯ ಬೇಕು: ಎಲ್ಫ್‌ಗೆ ಕತ್ತಿ ಕೊಡಲಾ, ಬೇಡವಾ?

ಎಲ್ಲರಿಗೂ ನಮಸ್ಕಾರ. ಸುರತ್ಕಲ್‌ನಿಂದ ಬರೆಯುತ್ತಿದ್ದೇನೆ. ಹಳೇ ಲ್ಯಾಪ್‌ಟಾಪಿನಲ್ಲಿ 2011ರ ‘ದಿ ವಿಚರ್ 2’ ಎಂಬ ವಿಡಿಯೋ ಗೇಮ್ ಆಡುತ್ತಿದ್ದೇನೆ. ಮೊದಲ ಅಧ್ಯಾಯದ ಕೊನೆಗೆ ಬಂದು ಮೂರು ದಿನದಿಂದ ಅಲ್ಲೇ ನಿಂತಿದ್ದೇನೆ.

ಯೋರ್ವೆತ್ ಎಂಬ ಎಲ್ಫ್‌ಗೆ (ಚೂಪು ಕಿವಿಯ ಕಾಲ್ಪನಿಕ ಜನಾಂಗದವನು) ಅವನ ಕತ್ತಿ ಕೊಡಬೇಕಾ, ಇಲ್ಲ ಅವನನ್ನು ಹಿಡಿಯಲು ಓಡಾಡುವ ಮನುಷ್ಯರ ಸೇನಾಧಿಕಾರಿ ರೋಶ್ ಪಕ್ಷ ಹಿಡಿಯಬೇಕಾ?

ಯೋರ್ವೆತ್ ಮೊದಲ ಸಲ ಕಂಡಾಗ ಕಾಡಿನಲ್ಲಿ ಕೂತು ಕೊಳಲು ಊದುತ್ತಿದ್ದ. ಒಂದು ಕಣ್ಣಿನ ಮೇಲೆ ಕೆಂಪು ಬಟ್ಟೆ. ಆಹಾ ಎಷ್ಟು ಚಂದ ಅನ್ನುವಷ್ಟರಲ್ಲಿ ಬಾಣದ ಮಳೆ! ಮನುಷ್ಯರು ಅವನ ಜನರನ್ನು ಹಿಂಸಿಸಿದ್ದು ನಿಜ. ಅವನ ಕೈಗೆ ರಕ್ತ ಅಂಟಿದ್ದೂ ನಿಜ. ರೋಶ್ ಏನೂ ಸಾಚಾ ಅಲ್ಲ ಬಿಡಿ. ಯಕ್ಷಗಾನದಲ್ಲಾದರೆ ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ ರಾಕ್ಷಸ ಅಂತ ಗೊತ್ತಾಗುತ್ತದೆ. ಇಲ್ಲಿ ಯಾರ ಮುಖದ ಮೇಲೂ ಏನೂ ಬರೆದಿಲ್ಲ.

ಆಯ್ಕೆ ಮೇಲೆ ಎರಡನೇ ಅಧ್ಯಾಯ ಪೂರ್ತಿ ಬದಲಾಗುತ್ತದೆ. ಎರಡು ಸಲ ಆಡಲು ನನಗೆ ಪುರುಸೊತ್ತಿಲ್ಲ, ಮಳೆಗೆ ಕರೆಂಟೂ ಸರಿ ಇಲ್ಲ.

ಎರಡೂ ಕಡೆ ಆಡಿದವರು ಹೇಳಿ ಮಾರಾಯ್ರೆ, ಎಲ್ಫ್‌ಗಳ ಕಷ್ಟಸುಖ ಯಾವ ದಾರಿಯಲ್ಲಿ ಜಾಸ್ತಿ ಗೊತ್ತಾಗುತ್ತದೆ? ಕೊನೆ ಮಾತ್ರ ಹೇಳಬೇಡಿ. ಸೇವ್ ಒಂದು ಬೇರೆ ಇಟ್ಟುಕೊಂಡಿದ್ದೇನೆ, ಅಷ್ಟು ಬುದ್ಧಿ ಇದೆ.