ಓಡುವ ಕ್ವಾರ್ಟರ್‌ಬ್ಯಾಕ್‌ಗೆ ಡೈನಸ್ಟಿ ಲೀಗ್‌ನಲ್ಲಿ ಎಷ್ಟು ಬೆಲೆ?

ಪ್ರಶ್ನೆ: ಫ್ಯಾಂಟಸಿ ಅಮೆರಿಕನ್ ಫುಟ್‌ಬಾಲ್‌ನಲ್ಲಿ (ನಿಜವಾದ ಆಟಗಾರರ ಸಾಧನೆಗೆ ಅಂಕ ಸಿಗುವ ಆಟ) ಡೈನಸ್ಟಿ ಲೀಗ್ ಅಂದರೆ ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಲೀಗ್. ಅಲ್ಲಿ ಪಾಸ್ ಎಸೆಯುವುದರ ಜೊತೆಗೆ ತಾವೇ ಚೆಂಡು ಹಿಡಿದು ಓಡುವ ಲಮಾರ್ ಜಾಕ್ಸನ್ ಥರದ ಕ್ವಾರ್ಟರ್‌ಬ್ಯಾಕ್‌ಗಳನ್ನು ಇನ್ನೂ ಮೂರ್ನಾಲ್ಕು ಸೀಸನ್ ನಂಬಿ ಇಟ್ಟುಕೊಳ್ಳಬಹುದಾ? ಏನೇನು ನೋಡಬೇಕು?

ಉತ್ತರ 1: ಮೊದಲು ಅಂಕದ ಲೆಕ್ಕ. ಸಾಮಾನ್ಯ ನಿಯಮದಲ್ಲಿ ಪಾಸ್‌ನ 25 ಗಜಕ್ಕೆ 1 ಅಂಕ, ಓಟದಲ್ಲಿ 10 ಗಜಕ್ಕೇ 1. ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸಿದರೆ) ಕ್ರಮವಾಗಿ 4 ಮತ್ತು 6. 2019ರಲ್ಲಿ ಲಮಾರ್ 1,206 ಗಜ ಓಡಿ 7 ಟಚ್‌ಡೌನ್ ಹೊಡೆದರು: ಕಾಲಿನಿಂದಲೇ 162.6 ಅಂಕ!

ಉತ್ತರ 2: ಆದರೆ ಕಾಲು ಸೋತಾಗ ತೋಳು ಕಾಪಾಡಬೇಕು. ಇನ್ನೊಬ್ಬ ಓಡುವ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್ 2012ರಲ್ಲಿ 815 ಗಜ ಓಡಿದರು. ಮೊಣಕಾಲಿನ ಗಾಯದ ನಂತರ 2013ರಲ್ಲಿ 489. ಲಮಾರ್ 2024ರಲ್ಲಿ 41 ಟಚ್‌ಡೌನ್ ಪಾಸ್ ಎಸೆದಿದ್ದಾರೆ. ನನ್ನ ಮಟ್ಟಿಗೆ ಅದೇ ನಿಜವಾದ ವಿಮೆ.

ಉತ್ತರ 3: ಗಜಕ್ಕಿಂತ ಗೋಲ್ ಲೈನ್ ಓಟ (ಗೆರೆಯ ಹತ್ತಿರದಿಂದಲೇ ಓಡಿ ಟಚ್‌ಡೌನ್ ಹೊಡೆಯುವುದು) ನೋಡಿ. ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ 2023ರಲ್ಲಿ 605 ಗಜಕ್ಕೇ 15 ಟಚ್‌ಡೌನ್. ಅದು ಮುಂದೆ ನಿಂತು ದಾರಿ ಬಿಡಿಸುವ ಲೈನ್‌ಮನ್‌ಗಳ ಮೇಲೂ ನಿಂತಿದೆ, ಕೋಚ್ ಬದಲಾದರೆ ಮರುಲೆಕ್ಕ ಹಾಕಿ.