ಅಪ್‌ಡೇಟ್: ಬ್ಯಾಟರಿ ಗಾಡಿಗೆ ಕ್ಯಾನ್ ಬಸ್ ಅನ್ನೇ ಆರಿಸಿಕೊಂಡೆವು

ಕಾರ್ಖಾನೆಯೊಳಗೆ ಸರಕು ಸಾಗಿಸುವ ಬ್ಯಾಟರಿ ಗಾಡಿಯಲ್ಲಿ ಮೋಟಾರ್ ಕಂಟ್ರೋಲರ್, ಬ್ಯಾಟರಿ ನಿರ್ವಹಣಾ ಘಟಕ ಮತ್ತು ಡಿಸ್‌ಪ್ಲೇಗಳನ್ನು ಜೋಡಿಸಲು ಮಾಡ್‌ಬಸ್ ಆರ್‌ಟಿಯು ಸಾಕೇ, ಕ್ಯಾನ್ ಬೇಕೇ ಎಂದು ಹಿಂದೆ ಕೇಳಿದ್ದೆ (ಎರಡೂ ಉಪಕರಣಗಳು ತಂತಿಯ ಮೂಲಕ ಸಂದೇಶ ವಿನಿಮಯ ಮಾಡಿಕೊಳ್ಳುವ ವಿಧಾನಗಳು). ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೊನೆಗೆ ಕ್ಯಾನ್ ಅನ್ನೇ ಆರಿಸಿಕೊಂಡೆವು.

ಮಾಡ್‌ಬಸ್‌ನಲ್ಲಿ ಮಾಸ್ಟರ್, ಅಂದರೆ ಮುಖ್ಯ ಘಟಕ, ಕೇಳುವವರೆಗೆ ಉಳಿದ ಘಟಕಗಳು ಬಾಯಿ ತೆರೆಯುವಂತಿಲ್ಲ. ಕ್ಯಾನ್‌ನಲ್ಲಾದರೋ ಯಾವ ಘಟಕವಾದರೂ ತಾನಾಗಿಯೇ ಸಂದೇಶ ಕಳಿಸಬಹುದು. ಎರಡು ಸಂದೇಶಗಳು ಒಟ್ಟಿಗೆ ಹೊರಟರೆ ಕಡಿಮೆ ಐಡಿ (ಗುರುತು) ಸಂಖ್ಯೆಯದು, ಅಂದರೆ ಹೆಚ್ಚು ಆದ್ಯತೆಯದು, ಕೆಡದೆ ಮುಂದೆ ಸಾಗುತ್ತದೆ, ಇನ್ನೊಂದು ತಾನೇ ಹಿಂದೆ ಸರಿದು ಮತ್ತೆ ಪ್ರಯತ್ನಿಸುತ್ತದೆ. ಬ್ಯಾಟರಿ ಅತಿಯಾಗಿ ಬಿಸಿಯಾದಾಗ ಬರುವ ಎಚ್ಚರಿಕೆಯು ಸರದಿಯಲ್ಲಿ ಕಾಯುತ್ತ ನಿಲ್ಲಬಾರದೆಂಬ ನಮ್ಮ ಕಾಳಜಿಗೆ ಇದೇ ನಿರ್ಣಾಯಕವಾಯಿತು. ಒಂದು ಸಂದೇಶಕ್ಕೆ 8 ಬೈಟ್ ಎಂಬ ಮಿತಿ ನಮಗೆ ತೊಡಕಾಗಲಿಲ್ಲ.

ಆದರೆ ಮೊದಲ ವಾರ, ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ, ದೋಷಗಳ ಎಣಿಕೆ ಏರುತ್ತಲೇ ಇತ್ತು. ವಿದ್ಯುತ್ ಆರಿಸಿ, ಬಸ್‌ನ ಎರಡು ತಂತಿಗಳಾದ ಕ್ಯಾನ್ ಹೈ ಮತ್ತು ಕ್ಯಾನ್ ಲೋಗಳ ನಡುವೆ ಮಲ್ಟಿಮೀಟರ್ ಹಿಡಿದಾಗ 60 ಓಮ್ ಬದಲು 40 ಓಮ್ ತೋರಿಸಿತು: ಸಂಕೇತ ತುದಿಯಿಂದ ಪ್ರತಿಫಲಿಸದಂತೆ ಎರಡು ತುದಿಗಳಲ್ಲಿ ಇರಲೇಬೇಕಾದ, ಸಮಾಂತರವಾಗಿ ಸೇರಿ 60 ಓಮ್ ಆಗುವ 120 ಓಮ್ ರೆಸಿಸ್ಟರ್‌ಗಳಲ್ಲದೆ, ನಡುವಿನ ಡಿಸ್‌ಪ್ಲೇಯೊಳಗೆ ಅಂಥದೇ ಮೂರನೆಯದೊಂದು ಇತ್ತು. ಅದನ್ನು ಜೋಡಿಸುವ ಪುಟ್ಟ ಕೊಂಡಿಯಾದ ಜಂಪರ್ ತೆಗೆದ ಮೇಲೆ ದೋಷಗಳು ನಿಂತವು.

ಚಾರ್ಜಿಂಗ್ ಕೊಠಡಿಯ ವಿದ್ಯುತ್ ಮೀಟರುಗಳಿಗೆ ಮಾತ್ರ ಆರ್‌ಎಸ್-485 (ಸರಣಿ ಸಂವಹನದ ವಿದ್ಯುತ್ ಸಂಕೇತ ಮಾನದಂಡ) ತಂತಿಯ ಮೇಲಿನ ಮಾಡ್‌ಬಸ್ ಅನ್ನೇ ಉಳಿಸಿಕೊಂಡಿದ್ದೇವೆ. ಅವುಗಳನ್ನು ಸೆಕೆಂಡಿಗೊಮ್ಮೆ ಓದಿದರೂ ಸಾಕು.